ಎರಡನೆಯ ಹೆಸರು

೧೧ ನವೆಂಬರ್ ೨೦೨೪, ಸೋಮವಾರ

ಮದುವೆಯಾದ ಮೇಲೆ ಬಿಟ್ಟುಬಿಟ್ಟಿದ್ದ ದಿನಚರಿಯ ಅಭ್ಯಾಸವನ್ನು ಇವತ್ತು ಮತ್ತೆ ಶುರು ಮಾಡುತ್ತಿದ್ದೇನೆ. ಒಳಗಿರುವುದನ್ನು ಕಾಲೇಜಿನಲ್ಲಿ ಯಾರ ಮುಂದಾದರೂ ಕಾರಿಕೊಂಡರೆ ಸಂಜೆಯೊಳಗೆ ಅದು ಚನ್ನರಾಯಪ್ಪನ ಕಿವಿ ಮುಟ್ಟುತ್ತದೆ. ಈ ನೋಟ್‌ಬುಕ್ಕಿಗೆ ಆ ಚಟವಿಲ್ಲ.

ಬೇಸಿಗೆಯಲ್ಲಿ ಸಮ್ಮೇಳನಕ್ಕೆ ಹೋಗಿ ನಾನು ಓದಿದ ಪೇಪರ್ ಅಚ್ಚಾಗಿ ಬಂದಿದೆ. ಮೊದಲ ಹೆಸರು ಚನ್ನರಾಯಪ್ಪನದು. ಎರಡನೆಯದು ಪ್ರಿನ್ಸಿಪಾಲರದು. ಮೂರನೆಯದು, ಜಾಗ ಉಳಿದಿತ್ತೆಂದು ಕಾಣುತ್ತದೆ, ಅಮರನಾಥ್, ಅಂದರೆ ನನ್ನದು. ಕಳಿಸುವಾಗ ನಾನು ಹಾಕಿದ್ದ ಕ್ರಮವೇ ಬೇರೆ. ಕೊನೆಯ ಪ್ರತಿಯನ್ನು 'ನಾನೇ ಕಳಿಸ್ತೀನಿ ಬಿಡ್ರೀ' ಎಂದು ಚನ್ನರಾಯಪ್ಪ ತೆಗೆದುಕೊಂಡಾಗಲೇ ನನಗೆ ಹೊಳೆಯಬೇಕಿತ್ತು.

ಚನ್ನರಾಯಪ್ಪ ನಮ್ಮ ಕಂಪ್ಯೂಟರ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ. ನನ್ನ ಪಿಎಚ್‌.ಡಿ.ಗೆ ಗೈಡ್ ಕೂಡ ಅವನೇ. ಈ ಎಂಟು ವರ್ಷದಲ್ಲಿ ಅವನು ಲ್ಯಾಬಿನೊಳಗೆ ಕಾಲಿಟ್ಟದ್ದು ಎರಡೇ ಸಲ, ಎರಡೂ ಸಲ ಆಯುಧಪೂಜೆಗೆ. ಅಂಥವನ ಹೆಸರು ಮೊದಲು.

ಕೇಳಿಯೂ ಕೇಳಿದೆ. "ಏನ್ರೀ ಅಮರನಾಥ್, ಹೆಸರು ಹಿಂದಿದ್ರೇನು ಮುಂದಿದ್ರೇನು? ಕಾಲೇಜಿಗೆ ತಾನೇ ಬರೋದು," ಅಂದ. ಹಾಗಿದ್ದರೆ ನೀನೇ ಹಿಂದೆ ಹೋಗಪ್ಪ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಬಾಯಲ್ಲಿ ಬಂದದ್ದು "ಸರಿ ಸರ್" ಅಷ್ಟೇ. ಇನ್ನೊಬ್ಬನ ಕೆಲಸಕ್ಕೆ ತನ್ನ ಹೆಸರು ಅಂಟಿಸಿಕೊಳ್ಳುವವರಿಗೆ ಅನ್ನ ಹೇಗೆ ಇಳಿಯುತ್ತದೋ ನನಗೆ ಗೊತ್ತಿಲ್ಲ.

೧೭ ನವೆಂಬರ್, ಭಾನುವಾರ

ಹೋಳೂರಿಗೆ ಹೋಗಿದ್ದೆ. ಅಪ್ಪ ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ತಂದು ರೇಷ್ಮೆಹುಳುಗಳಿಗೆ ಹಾಕುತ್ತಿದ್ದರು. ಅವರಿಗೆ ಎಪ್ಪತ್ತೆರಡು. ಆವಲಪ್ಪನವರ ಗೂಡು ಎಂದು ಅಪ್ಪನ ಹೆಸರು ಹೇಳಿದರೆ ಸಾಕು, ಮಾರುಕಟ್ಟೆಯಲ್ಲಿ ಇವತ್ತಿಗೂ ಎರಡನೆಯ ಸಲ ಮುಟ್ಟಿ ನೋಡದೆ ಕೊಳ್ಳುತ್ತಾರೆ.

"ಎಂಟು ವರ್ಷದಿಂದ ಏನ್ ಓದ್ತಾ ಇದೀಯ, ಒಂದ್ಸಲ ತಿಳಿಯೋಂಗೆ ಹೇಳಪ್ಪ," ಅಂದರು.

ಹೇಳಿದೆ. ಕಾರ್ಖಾನೆಯಿಂದ ಬರುವ ಚಿಪ್‌ಗಳಲ್ಲಿ ಕೆಲವು ಒಳಗೇ ಕೆಟ್ಟಿರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ, ಒಡೆದು ನೋಡುವಂತೆಯೂ ಇಲ್ಲ. ಸೊನ್ನೆ, ಒಂದುಗಳ ಸಾಲನ್ನು ಒಳಕ್ಕೆ ಕಳಿಸಿ, ಹೊರಗೆ ಬರುವ ಉತ್ತರ ಸರಿಯಿದೆಯೇ ಎಂದು ನೋಡಬೇಕು. ಯಾವ ಸಾಲು ಕಳಿಸಿದರೆ ಹುಳುಕು ಸಿಕ್ಕಿಬೀಳುತ್ತದೆ ಎನ್ನುವುದೇ ನನ್ನ ಸಂಶೋಧನೆ.

ಅಪ್ಪ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಗೂಡು ಕತ್ತರಿಸ್ದೆ ಒಳಗಿನ ಹುಳ ಬದುಕಿದ್ಯೋ ಸತ್ತಿದ್ಯೋ ಹೇಳ್ಬೇಕು. ಅಷ್ಟೇ ತಾನೇ? ಅದಕ್ಕೆ ಎಂಟು ವರ್ಷನಾ?" ಅಂದರು. ನಕ್ಕೆ. ಚನ್ನರಾಯಪ್ಪನಿಗೆ ಇಷ್ಟು ಅರ್ಥವಾಗಿದ್ದರೂ ಸಾಕಿತ್ತು.

೨೦ ನವೆಂಬರ್, ಬುಧವಾರ

ಜರ್ನಲ್‌ನಿಂದ, ನಾನು ಕಳಿಸಿದ್ದ ಇನ್ನೊಂದು ಪೇಪರಿನ ಬಗ್ಗೆ ಪತ್ರ ಬಂತು. ತಿರಸ್ಕರಿಸಿಲ್ಲ, ಒಪ್ಪಿಯೂ ಇಲ್ಲ. "ನಿಮ್ಮ ವಿಧಾನ ಹೆಚ್ಚುವರಿಯಾಗಿ ಹಿಡಿದಿರುವ ಏಳು ಚಿಪ್‌ಗಳು ನಿಜಕ್ಕೂ ಕೆಟ್ಟಿವೆಯೇ? ಬೇರೊಂದು ರೀತಿಯಲ್ಲಿ ದೃಢಪಡಿಸಿ," ಎಂದು ಒಬ್ಬ ವಿಮರ್ಶಕನ ಪ್ರಶ್ನೆ. ಜನವರಿ ಮೂವತ್ತೊಂದರೊಳಗೆ ಉತ್ತರ ಕಳಿಸಬೇಕು.

ಇದೊಂದು ಪೇಪರ್ ಒಪ್ಪಿಗೆಯಾದರೆ ಮಾತ್ರ ನನ್ನ ಥೀಸಿಸ್ ತೆಗೆದುಕೊಳ್ಳುತ್ತಾರೆ. ಥೀಸಿಸ್‌ಗೆ ವಿಶ್ವವಿದ್ಯಾಲಯ ಕೊಟ್ಟಿರುವ ಕೊನೆಯ ಗಡುವು ಫೆಬ್ರವರಿ ಇಪ್ಪತ್ತೆಂಟು. ಅದು ತಪ್ಪಿದರೆ ನೋಂದಣಿಯೇ ರದ್ದು. ಪಿಎಚ್‌.ಡಿ. ಇಲ್ಲದವರನ್ನು ಮುಂದುವರಿಸುವುದಿಲ್ಲ ಎಂದು ಆಡಳಿತ ಮಂಡಳಿ ಆಗಲೇ ಸುತ್ತೋಲೆ ಕಳಿಸಿದೆ. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಎಲ್ಲಿಗೆ ಹೋಗಿ ಅರ್ಜಿ ಹಾಕಲಿ.

೨೭ ನವೆಂಬರ್, ಬುಧವಾರ

ವಿದ್ಯಾಸಂಸ್ಥೆಗಳಿಗೆಂದೇ ಇರುವ ಯೋಜನೆಯೊಂದರಲ್ಲಿ ಮಾಡಿಸಿದ ನಲವತ್ತು ಚಿಪ್‌ಗಳು ನಮ್ಮಲ್ಲಿವೆ. ಹಳೆಯ ಪರೀಕ್ಷೆಯಲ್ಲಿ ಎರಡು ಫೇಲು. ನನ್ನ ಪರೀಕ್ಷೆಯಲ್ಲಿ ಒಂಬತ್ತು ಫೇಲು. ಬೇರೆಯವರ ಕಣ್ಣಿಗೆ ಬೀಳದ ಏಳನ್ನು ನನ್ನ ವಿಧಾನ ಹಿಡಿಯಿತು, ಥೀಸಿಸ್‌ನ ಜೀವವೇ ಅದು. ಜೂನ್‌ನಲ್ಲಿ ಆ ಏಳು ಸಿಕ್ಕ ದಿನ ಲ್ಯಾಬಿನಲ್ಲಿ ಮೈಸೂರು ಪಾಕ್ ಹಂಚಿದ್ದೆ. "ಮಾಲು ಕೆಟ್ಟೋಯ್ತು ಅಂತ ಸ್ವೀಟ್ ಹಂಚೋದು ನಮ್ ಲ್ಯಾಬ್ನಾಗೇ ಸಾರ್," ಎಂದು ಮುನಿಯಲ್ಲಪ್ಪನವರು ಒಂದು ತುಂಡು ಹೆಚ್ಚಿಗೆ ತೆಗೆದುಕೊಂಡಿದ್ದರು.

ಮುನಿಯಲ್ಲಪ್ಪನವರು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್. ಓದಿದ್ದು ಐಟಿಐ. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಮುಳಬಾಗಿಲು ಕಡೆಯ ಹಳ್ಳಿ, ಮನೆಮಾತು ತೆಲುಗು. ದಿನಾ ಎರಡು ಬಸ್ಸು ಬದಲಾಯಿಸಿ ನಮಗಿಂತ ಮೊದಲೇ ಬಂದಿರುತ್ತಾರೆ. ನಮ್ಮ ಟೆಸ್ಟರ್ ಬೋರ್ಡಿನ ಪ್ರತಿಯೊಂದು ಬೆಸುಗೆಯೂ ಅವರ ಕೈಯದು. ಈ ಕಾಲೇಜಿನಲ್ಲಿ ಕೆಲಸ ಬಲ್ಲ ಮನುಷ್ಯರು ಯಾರಾದರೂ ಇದ್ದರೆ ಅವರೊಬ್ಬರೇ.

ವಿಮರ್ಶಕನ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿದೆ. "ಕೇಳಿದ್ರಾಗೆ ತಪ್ಪಿಲ್ಲ ಸಾರ್. ನಂಗೂ ಒಂದ್ ಅನುಮಾನ ಅದೆ. ಒಂದ್ ವಾರ ಬಿಡಿ, ನೋಡಿ ಹೇಳ್ತೀನಿ," ಅಂದರು. ಏನು ಅನುಮಾನ ಎಂದರೆ, ಅಳೆದ ಮೇಲೆ ಅಂದರು.

೪ ಡಿಸೆಂಬರ್, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಆ ಏಳು ಚಿಪ್‌ಗಳೂ ಚೆನ್ನಾಗಿವೆ.

ಊಟದ ಬಿಡುವಿನಲ್ಲಿ ಮುನಿಯಲ್ಲಪ್ಪನವರು ಕರೆದರು. ಚಿಪ್‌ಗೆ ಕರೆಂಟು ಹೋಗುವ ಕಾಲಿಗೇ, ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ತಂತಿ ಹಿಡಿದಿದ್ದರು. ನನ್ನ ಸಾಲುಗಳನ್ನು ಓಡಿಸಿದಾಗ ಪರದೆಯ ಮೇಲಿನ ಗೆರೆ ದಬಕ್ಕನೆ ಕುಸಿದು ಮೇಲೆದ್ದಿತು. ಮತ್ತೆ ಓಡಿಸಿದರು, ಮತ್ತೆ ಕುಸಿಯಿತು.

"ನಮ್ಮೂರ್ನಾಗೆ ತ್ರೀ ಫೇಸ್ ಕೊಟ್ಟ ತಕ್ಷಣ ಎಲ್ರೂ ಒಟ್ಟಿಗೆ ಮೋಟ್ರು ಹಾಕ್ತಾರೆ ಸಾರ್. ಯಾವ್ದೂ ನೀರೆತ್ತಲ್ಲ. ಮೋಟ್ರು ಕೆಟ್ಟೋಯ್ತು ಅಂತ ಬಿಚ್ಚಕ್ಕೆ ಹೋಗ್ತಾರೆ. ಮೋಟ್ರು ಯಾವ್ದೂ ಕೆಟ್ಟಿರಲ್ಲ. ಇದೂ ಅಂತೇ ಸಾರ್," ಅಂದರು.

ನನ್ನ ಸಾಲುಗಳು ಚಿಪ್‌ನ ಮುಕ್ಕಾಲು ಭಾಗವನ್ನು ಒಂದೇ ಗಳಿಗೆಯಲ್ಲಿ ಎಬ್ಬಿಸುತ್ತವೆ. ಅದು ತನ್ನ ನಿಜವಾದ ಕೆಲಸದಲ್ಲಿ ಎಂದೂ ಹಾಗೆ ಎದ್ದು ನಿಲ್ಲುವುದಿಲ್ಲ. ಒಳಗೆ ವೋಲ್ಟೇಜು ಬೀಳುತ್ತದೆ, ಒಳ್ಳೆಯ ಚಿಪ್ಪೂ ತಡವರಿಸಿ ತಪ್ಪು ಉತ್ತರ ಕೊಡುತ್ತದೆ. ಅವರು ಸಾಕೆಟ್ಟಿನ ಅಡಿಗೆ, ಕರೆಂಟು ಕೂಡಿಟ್ಟು ಬೇಕಾದ ಗಳಿಗೆಗೆ ಕೊಡುವ ಸಣ್ಣದೊಂದು ಕೆಪಾಸಿಟರ್ ಬೆಸೆದರು. ಏಳರಲ್ಲಿ ಮೂರು ಪಾಸಾದವು. ಸಾಲುಗಳ ಓಟವನ್ನು ಸ್ವಲ್ಪ ನಿಧಾನ ಮಾಡಿದರು. ಉಳಿದ ನಾಲ್ಕೂ ಪಾಸಾದವು.

ಹುಳುಕಿದ್ದದ್ದು ನನ್ನ ಪ್ರಶ್ನೆಯಲ್ಲಿ. ನಾನು ಹಂಚಿದ ಮೈಸೂರು ಪಾಕು ನನ್ನದೇ ತಪ್ಪಿಗೆ.

೫ ಡಿಸೆಂಬರ್, ಗುರುವಾರ

ಕಾಲೇಜಿಗೆ ರಜೆ ಹಾಕಿದೆ. ಹೆಂಡತಿ ತ್ರಿವೇಣಿ, ಶ್ರೀನಿವಾಸಪುರದ ಶಾಲೆಗೆ ಹೊರಡುವಾಗ, "ಹುಷಾರಿಲ್ವಾ?" ಎಂದಳು. ತಲೆನೋವು ಎಂದೆ. ವಿಷಯ ಗೊತ್ತಿರುವುದು ಇಬ್ಬರಿಗೆ ಮಾತ್ರ. ನಾನು ಸುಮ್ಮನಿದ್ದರೆ ಮುನಿಯಲ್ಲಪ್ಪನವರು ಎಲ್ಲಿಯೂ ಬಾಯಿ ಬಿಡುವವರಲ್ಲ.

೯ ಡಿಸೆಂಬರ್, ಸೋಮವಾರ

ಮುಚ್ಚಿಡುವುದಿಲ್ಲ. ನಾಲ್ಕು ದಿನ ನನ್ನೊಡನೆ ನಾನೇ ಜಗಳವಾಡಿ ಈ ತೀರ್ಮಾನಕ್ಕೆ ಬಂದಿದ್ದೇನೆ. ಚನ್ನರಾಯಪ್ಪ ಆಗಿದ್ದರೆ ಮುಚ್ಚಿಡುತ್ತಿದ್ದ. ನಾನು ಅವನಲ್ಲ.

ಬೆಳಿಗ್ಗೆ ಲ್ಯಾಬಿಗೆ ಹೋಗಿ, "ಮುನಿಯಲ್ಲಪ್ಪನವರೇ, ಇದ್ದದ್ದನ್ನ ಇದ್ದಂಗೆ ಬರೆದುಬಿಡ್ತೀನಿ. ಪೇಪರ್ ಹೋದರೆ ಹೋಗಲಿ," ಎಂದೆ. ಅವರು ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು, ಬನ್ನಿ ಕೂತ್ಕೊಳ್ಳಿ ಅಂದರು.

"ಯಾಕ್ ಹೋಗ್ಬೇಕು ಸಾರ್? ನಮ್ಮೂರ್ನಾಗೆ ಮೋಟ್ರು ಗಲಾಟೆ ಹೆಂಗ್ ನಿಂತೋಯ್ತು ಗೊತ್ತಾ? ಸರದಿ ಇಟ್ವಿ. ಒಂದೇ ಲೈನಾಗಿರೋ ಇಬ್ರು ಒಟ್ಟಿಗೆ ಹಾಕಂಗಿಲ್ಲ. ನಿಮ್ ಚಿಪ್ನಾಗೆ ಹದಿನಾರು ಭಾಗ ಅವೆ. ಯಾವ್ಯಾವ್ದು ಒಟ್ಟಿಗೆ ಎದ್ರೆ ಕರೆಂಟ್ ಬೀಳ್ತದೆ ಅಂತ ನಾನು ಅಳೆದು ಕೊಡ್ತೀನಿ. ಅವನ್ನ ಬೇರೆ ಬೇರೆ ಗಳಿಗೆನಾಗೆ ಎಬ್ಬಿಸಿ. ಪ್ರಶ್ನೆ ಅದೇ ಇರ್ಲಿ."

ಅವರ ಮುಖವನ್ನೇ ನೋಡಿದೆ. ಎಂಟು ವರ್ಷ ಓದಿದ ನನಗೆ ಇದು ಹೊಳೆದಿರಲಿಲ್ಲ. ಭಾಗಗಳನ್ನು ಸರದಿಯ ಮೇಲೆ ಎಬ್ಬಿಸುವವರು ಬೇರೆಯವರೂ ಇದ್ದಾರೆ. ಆದರೆ ನಿಜವಾದ ಚಿಪ್ಪಿನಲ್ಲಿ ಜೋಡಿ ಜೋಡಿಯಾಗಿ ಅಳೆದು ಸರದಿ ಕಟ್ಟಿದ್ದನ್ನು ನಾನು ಎಲ್ಲಿಯೂ ಓದಿಲ್ಲ. ಇದು ನಡೆದರೆ ಹಳೆಯ ಪೇಪರಿಗಿಂತ ದೊಡ್ಡದಾಗುತ್ತದೆ.

"ನಡೆದರೆ ಪೇಪರಿನಲ್ಲಿ ಎರಡನೆಯ ಹೆಸರು ನಿಮ್ಮದೇ," ಎಂದೆ. ಅವರು ನಾಚಿಕೊಂಡವರಂತೆ, "ನಂದೆಲ್ಲಿ ಸಾರ್," ಅಂದರು. ಆಮೇಲೆ ಮೆಲ್ಲಗೆ, "ಇಂಗ್ಲೀಷ್‌ನಾಗೆ ಅಚ್ಚಾಗ್ತದಾ?" ಎಂದು ಕೇಳಿದರು. ಆಗುತ್ತದೆ ಎಂದೆ. ಇನಿಷಿಯಲ್ ಎರಡು ಇದೆ, ಎರಡೂ ಹಾಕಬೇಕು ಅಂದರು.

೮ ಜನವರಿ ೨೦೨೫, ಬುಧವಾರ

ನಡೆಯಿತು.

ಹದಿನಾರು ಭಾಗಕ್ಕೆ ನೂರಿಪ್ಪತ್ತು ಜೋಡಿ. ಕ್ರಿಸ್‌ಮಸ್ ರಜೆಯಲ್ಲೂ ಬಂದು ನೂರಿಪ್ಪತ್ತನ್ನೂ ಒಂದೊಂದಾಗಿ ಅಳೆದು, ಉದ್ದ ಹಾಳೆಯಲ್ಲಿ ಗೆರೆ ಎಳೆದು ಬರೆದುಕೊಟ್ಟಿದ್ದಾರೆ ಮುನಿಯಲ್ಲಪ್ಪನವರು. ಒಂದು ಕಡೆಯೂ ಹೊಡೆದುಹಾಕಿಲ್ಲ. ಅದನ್ನು ನೋಡಿಕೊಂಡು ಸರದಿ ಹಂಚುವ ಪ್ರೋಗ್ರಾಂ ನಾನು ಬರೆದೆ. ಅದಕ್ಕೆ ಹಿಡಿದದ್ದು ನಾಲ್ಕು ದಿನ.

ಈಗ ಒಳ್ಳೆಯ ಚಿಪ್ ಒಂದೂ ಫೇಲಾಗುತ್ತಿಲ್ಲ. ಕೆಟ್ಟ ಎರಡು ತಪ್ಪದೆ ಸಿಗುತ್ತಿವೆ. ಇನ್ನೂ ಒಂದು ಸಿಕ್ಕಿತು, ಇಪ್ಪತ್ತೆಂಟನೆಯದು. ಹಳೆಯ ಪರೀಕ್ಷೆಗೂ ಸಿಗದ, ನನ್ನ ಮೊದಲ ವಿಧಾನಕ್ಕೂ ಸಿಗದ ನಿಜವಾದ ಹುಳುಕು ಅದರಲ್ಲಿತ್ತು. ಅವರು ಮೂರು ರೀತಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇದು ಖಂಡಿತ ಕೆಟ್ಟದೆ ಸಾರ್. ಈಗ ಸ್ವೀಟ್ ತರಿಸಿ," ಅಂದರು.

ಇಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗ ಆಗಿತ್ತು, ಆಮೇಲೆ ಇವತ್ತೇ.

೧೬ ಜನವರಿ, ಗುರುವಾರ

ತಿದ್ದಿದ ಪೇಪರನ್ನು ಗೈಡ್‌ಗೆ ತೋರಿಸದೆ ಕಳಿಸುವಂತಿಲ್ಲ. ತೋರಿಸಿದೆ. ಸಂಕ್ರಾಂತಿಯ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಮೊದಲ ಪುಟವನ್ನಷ್ಟೇ ನೋಡಿದ ಚನ್ನರಾಯಪ್ಪ. ಅವನು ಅದಕ್ಕಿಂತ ಮುಂದೆ ಹೋದದ್ದನ್ನು ನಾನು ಕಂಡಿಲ್ಲ.

"ಎರಡನೇದು ಯಾರ್ರೀ ಇದು? ನಮ್ಮ ಲ್ಯಾಬ್ ಮುನಿಯಲ್ಲಪ್ಪನಾ?"

ಹೌದು ಸರ್, ಕಂಡುಹಿಡಿದದ್ದು ಅವರೇ ಎಂದೆ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ, ಆಗಲಿಲ್ಲ. ಕನ್ನಡಕ ತೆಗೆದಿಟ್ಟು ಸಮಾಧಾನವಾಗಿಯೇ ಮಾತಾಡಿದ.

"ನನ್ನನ್ನ ಮೂರನೇವನು ಮಾಡಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ ಕೇಳಿ. ವೈವಾ ದಿನ ಪರೀಕ್ಷಕರು ಇದನ್ನ ಕೈಯಲ್ಲಿ ಹಿಡ್ಕೊಂಡು, ಐಟಿಐ ಓದಿದೋರು ಕಂಡುಹಿಡಿದಿದ್ದಕ್ಕೆ ನಿಮಗ್ಯಾಕ್ರೀ ಪಿಎಚ್‌.ಡಿ. ಕೊಡ್ಬೇಕು ಅಂತ ಕೇಳಿದ್ರೆ ಏನ್ ಹೇಳ್ತೀರಿ?"

ಪೇಪರು ಎತ್ತಿಕೊಂಡು ಹೊರಬಂದೆ. ದಾರಿಯುದ್ದಕ್ಕೂ ಆ ಪ್ರಶ್ನೆಯನ್ನೇ ಯೋಚಿಸಿದೆ. ಮನುಷ್ಯ ಸರಿಯಿಲ್ಲ, ನಿಜ. ಆದರೆ ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

೨೯ ಜನವರಿ, ಬುಧವಾರ

ಪರಿಷ್ಕರಣೆಯ ಹಂತದಲ್ಲಿ ಹೊಸ ಹೆಸರು ಸೇರಿಸಬೇಕಾದರೆ ಜರ್ನಲ್‌ಗೆ ಬೇರೆಯೇ ಫಾರಂ ಕಳಿಸಬೇಕಂತೆ. ಯಾಕೆ ಸೇರಿಸುತ್ತಿದ್ದೀರಿ, ಅವರ ಕೊಡುಗೆ ಏನು, ವಿದ್ಯಾರ್ಹತೆ ಏನು, ಸಂಸ್ಥೆಯ ಇಮೇಲ್ ಏನು, ಉಳಿದ ಲೇಖಕರ ಸಹಿ. ಲ್ಯಾಬ್ ಸಿಬ್ಬಂದಿಗೆ ನಮ್ಮಲ್ಲಿ ಇಮೇಲ್ ಕೊಡುವುದಿಲ್ಲ. ಆಫೀಸಿನಲ್ಲಿ ಕೇಳಿದರೆ, ಪ್ರಿನ್ಸಿಪಾಲರ ಒಪ್ಪಿಗೆ ಬೇಕು, ಒಂದು ವಾರ ಆಗುತ್ತದೆ ಅಂದರು. ನನಗಿರುವುದು ಎರಡು ದಿನ.

ಕೊಡುಗೆ ಎಂಬ ಖಾಲಿ ಜಾಗದ ಮುಂದೆ ಅರ್ಧ ಗಂಟೆ ಕೂತೆ. ಇದ್ದದ್ದನ್ನು ಇದ್ದಂತೆ ಬರೆದರೆ ಉಳಿದ ಲೇಖಕರಿಗೆ ಬರೆಯಲು ಏನೂ ಉಳಿಯುವುದಿಲ್ಲ.

ಅಲ್ಲದೆ ನ್ಯಾಯವಾಗಿ ನೋಡಿದರೆ, ಮುನಿಯಲ್ಲಪ್ಪನವರು ಕೊಟ್ಟದ್ದು ಒಂದು ಸುಳಿವು ಮತ್ತು ಅಳತೆಗಳು. ಅದನ್ನು ಶಾಸ್ತ್ರಕ್ಕೆ ಕೂರಿಸಿದ್ದು ಯಾರು? ಲೇಖಕ ಎಂಬುದಕ್ಕೆ ಒಂದು ಅರ್ಥವಿದೆ. ಹೆಸರನ್ನು ಕೃತಜ್ಞತೆಯ ಭಾಗದಲ್ಲಿ ಹಾಕುತ್ತೇನೆ, ಎರಡೂ ಇನಿಷಿಯಲ್ ಸಮೇತ. ಅದೂ ಅಚ್ಚಾಗುವುದೇ ತಾನೇ.

೩೦ ಜನವರಿ, ಗುರುವಾರ

ಕಳಿಸಿದೆ.

೨೧ ಫೆಬ್ರವರಿ, ಶುಕ್ರವಾರ

ಒಪ್ಪಿಗೆಯಾಯಿತು. ಆ ವಿಮರ್ಶಕ, ತನ್ನ ತಪ್ಪನ್ನು ತಾನೇ ಹುಡುಕಿ ಹೊಸ ವಿಧಾನವನ್ನಾಗಿ ಮಾಡಿದ ಲೇಖಕರ ಪ್ರಾಮಾಣಿಕತೆ ಮೆಚ್ಚುವಂಥದು ಎಂದು ಬರೆದಿದ್ದಾನೆ. ಎರಡು ಸಲ ಓದಿದೆ.

ಪುಟ ಹೆಚ್ಚಾಗಿದೆ, ಹದಿನಾಲ್ಕು ಸಾಲು ಕಡಿಮೆ ಮಾಡಿ ಎಂದು ಸಂಪಾದಕರ ಸೂಚನೆ. ಚಿತ್ರ ತೆಗೆಯುವಂತಿಲ್ಲ, ಪಟ್ಟಿ ತೆಗೆಯುವಂತಿಲ್ಲ. ಅಲ್ಲಲ್ಲಿ ಕತ್ತರಿಸಿ ಹನ್ನೊಂದು ಸಾಲು ಇಳಿಸಿದೆ, ಉಳಿದದ್ದಕ್ಕೆ ಕೃತಜ್ಞತೆಯ ನಾಲ್ಕು ಸಾಲನ್ನು ಒಂದು ಸಾಲು ಮಾಡಿದೆ. ಪ್ರಯೋಗಾಲಯದ ಸಿಬ್ಬಂದಿಗೆ ವಂದನೆಗಳು, ಎಂದು. ಅದರಲ್ಲಿ ಮುನಿಯಲ್ಲಪ್ಪ ಬಂದೇ ಬರುತ್ತಾರೆ.

ಅವರಿಗೆ ನಾನೇ ಹೇಳಬೇಕು, ಬೇರೆಯವರ ಬಾಯಿಂದ ಗೊತ್ತಾಗುವುದು ಸರಿಯಲ್ಲ. ಹೋಗಿ, ಫಾರಂ, ಇಮೇಲ್, ಗಡುವು, ಎಲ್ಲ ವಿವರಿಸಿದೆ. ಅವರು ಬಟ್ಟೆಯಲ್ಲಿ ಸಾಕೆಟ್ ಒರೆಸುತ್ತಿದ್ದರು, ಒರೆಸುವುದನ್ನು ನಿಲ್ಲಿಸಲಿಲ್ಲ. ನನ್ನ ಮಾತು ಮುಗಿದ ಮೇಲೆ ಅವರ ಮನೆಮಾತಿನಲ್ಲೇ, "ಪೋನಿ ಸಾರ್," ಅಂದರು. ಹೋಗಲಿ ಬಿಡಿ, ಅಂತ. ಇಷ್ಟು ಸುಲಭವಾಗಿ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಿದ್ದರೆ ಒಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿರಲಿಲ್ಲ.

೨೭ ಫೆಬ್ರವರಿ, ಗುರುವಾರ

ಗಡುವಿಗೆ ಒಂದು ದಿನ ಇರುವಂತೆಯೇ ಥೀಸಿಸ್ ಸಲ್ಲಿಸಿದೆ. ಗೈಡ್ ಸಹಿ ಹಾಕುವಾಗ ಚನ್ನರಾಯಪ್ಪ ಸರ್ ಎದ್ದು ನಿಂತು ಕೈ ಕುಲುಕಿದರು. ಮೇಲಿನಿಂದ ಒರಟು ಮನುಷ್ಯ, ಆದರೆ ಗಡುವಿನ ವಿಷಯದಲ್ಲಿ ಅವರು ವಿಶ್ವವಿದ್ಯಾಲಯಕ್ಕೆ ಎರಡು ಸಲ ಫೋನು ಮಾಡಿದ್ದು ನಿಜ.

ರಾತ್ರಿ ಊಟಕ್ಕೆ ಕೂತಾಗ ತ್ರಿವೇಣಿ, ನಾನೇ ಹಿಂದೆ ಹೇಳಿದ್ದನ್ನು ನೆನಪಿಟ್ಟುಕೊಂಡು, "ಅಲ್ರೀ, ಮುನಿಯಲ್ಲಪ್ಪನೋರ ಹೆಸರು ಬಂತಾ?" ಎಂದು ಕೇಳಿದಳು. ಥೀಸಿಸ್ ಎಂದರೆ ಒಬ್ಬನ ಹೆಸರಿನಲ್ಲೇ ಇರುವುದು, ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ ಅನಿಸುತ್ತದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

೧೯ ಜೂನ್, ಗುರುವಾರ

ಥೀಸಿಸ್ ಪರೀಕ್ಷಕರ ಬಳಿಯಿದೆ, ಸುದ್ದಿಯಿಲ್ಲ. ಸದ್ಯಕ್ಕೆ ನೌಕರಿ ಮುಂದುವರಿಸಿದ್ದಾರೆ. ಲ್ಯಾಬಿಗೆ ನಾನು ಹೋಗುವುದೀಗ ಕಡಿಮೆ. ಮುನಿಯಲ್ಲಪ್ಪ ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ತಾವಾಗಿ ಏನೂ ಹೇಳುವುದಿಲ್ಲ. ವಯಸ್ಸಾಗುತ್ತಾ ಕೆಲವರು ಹೀಗೆ ಬಿಗುವಾಗುತ್ತಾರೆ.

೯ ಅಕ್ಟೋಬರ್, ಗುರುವಾರ

ಇವತ್ತಿನಿಂದ ಡಾ. ಅಮರನಾಥ್.

ಸೆಮಿನಾರ್ ಹಾಲ್ ತುಂಬಿತ್ತು. ನಮ್ಮಲ್ಲಿ ವೈವಾ ಎಂದರೆ ಮನೆಯವರೂ ಬಂದು ಕೂರುವುದು ರೂಢಿ. ತ್ರಿವೇಣಿ, ಮಗಳು ಚಂದನ, ಹೋಳೂರಿನಿಂದ ಅಪ್ಪ. ಅಪ್ಪ ಇಸ್ತ್ರಿ ಮಾಡಿಸಿದ ಪಂಚೆಯುಟ್ಟು ಮೊದಲ ಸಾಲಿನಲ್ಲೇ ಕೂತಿದ್ದರು. ಪರೀಕ್ಷಕರು ಆಂಧ್ರದ ಕಡೆಯ ಹಿರಿಯರು. ಚಿಪ್ ಪರೀಕ್ಷೆಯಲ್ಲೇ ತಲೆ ಬೆಳ್ಳಗಾಗಿಸಿಕೊಂಡವರು ಎಂದು ಮೊದಲ ಪ್ರಶ್ನೆಯಲ್ಲೇ ಗೊತ್ತಾಯಿತು.

ಟೆಸ್ಟರನ್ನು ಓಡಿಸಿ ತೋರಿಸಿ ಎಂದರು. ಮುನಿಯಲ್ಲಪ್ಪ ಬೋರ್ಡನ್ನು ತಂದು ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತಿದ್ದ. ಎಲ್ಲ ಸರಿಯಾಗಿ ಓಡಿತು. ಆಮೇಲೆ ಪರೀಕ್ಷಕರು ಥೀಸಿಸ್‌ನ ಜೋಡಿಗಳ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು. "ನಾಲ್ಕನೆಯ ಭಾಗ, ಹನ್ನೊಂದನೆಯ ಭಾಗ. ಇವೆರಡೂ ಚಿಪ್‌ನಲ್ಲಿ ದೂರ ದೂರ ಇವೆ. ಆದರೂ ಒಟ್ಟಿಗೆ ಎಬ್ಬಿಸಬಾರದು ಅಂತೀರಿ. ಯಾಕೆ?"

ನನಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಹಾಗಿತ್ತು, ನಾನು ಹಾಗೇ ತೆಗೆದುಕೊಂಡಿದ್ದೆ. "ಪ್ರಯೋಗದಿಂದ ಕಂಡುಬಂದದ್ದು ಸರ್," ಎಂದೆ. "ಅದು ಸರಿ. ಕಾರಣ?" ಎಂದರು. ಎಲ್ಲಾದರೂ ಬರೆದಿದ್ದೇನೆಯೇ ಎಂದು ಪುಟ ತಿರುವಿದೆ.

ಮುನಿಯಲ್ಲಪ್ಪ ತಂತಿ ಸರಿಮಾಡುತ್ತಿದ್ದವನು ತಲೆಯೆತ್ತದೆ ಹೇಳಿದ. "ಸಾರ್ ಆವತ್ತು ನಂಗೆ ಹೇಳಿದ್ರಲ್ಲ. ದೂರ ಇದ್ರೂ ಅವೆರಡಕ್ಕೂ ಕರೆಂಟ್ ಬರೋ ದಾರಿ ಒಂದೇ, ನಾಲ್ಕನೇದರ ಮೂಲಕನೇ ಹನ್ನೊಂದಕ್ಕೆ ಹೋಗ್ತದೆ ಅಂತ. ಮರೆತ್ರೇನೋ."

"ಹೌದು ಸರ್, ಅದೇ," ಎಂದೆ.

ಪರೀಕ್ಷಕರು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು. ಮಾತಿನ ಧಾಟಿಯಲ್ಲೇ ಊರು ಗೊತ್ತಾಗಿರಬೇಕು, ತೆಲುಗಿನಲ್ಲಿ ಮಾತಾಡಿಸಿದರು. ಬೋರ್ಡು ಕಟ್ಟಿದ್ದು ನೀವಾ, ಅಳತೆ ತೆಗೆದದ್ದು ಯಾರು, ಈ ಸರದಿಯ ಯೋಚನೆ ಮೊದಲು ಯಾರಿಗೆ ಬಂತು. ಒಂದರ ಮೇಲೊಂದು. ಚನ್ನರಾಯಪ್ಪ ಸರ್ ಕುರ್ಚಿಯ ತುದಿಗೆ ಬಂದಿದ್ದರು.

"ಅಂತಾ ಸಾರೇ ಚೇಸಿಂದಿ," ಅಂದ ಮುನಿಯಲ್ಲಪ್ಪ. ಎಲ್ಲ ಸಾರೇ ಮಾಡಿದ್ದು. "ನಾನು ಹೇಳಿದ್ದು ಹಿಡ್ಕೊಂಡು ನಿಂತಿದ್ದೆ, ಅಷ್ಟೇ."

ಪರೀಕ್ಷಕರು ಪಟ್ಟಿಯನ್ನೂ ಅವನನ್ನೂ ಒಮ್ಮೆ ನೋಡಿದರು. ಆಮೇಲೆ ಥೀಸಿಸ್ ಮುಚ್ಚಿ, ಅಭಿನಂದನೆಗಳು ಎಂದರು. ಶಾಲು, ಹಾರ, ಪೇಟ, ಫೋಟೋ.

ಗದ್ದಲ ಕಡಿಮೆಯಾದ ಮೇಲೆ ಲ್ಯಾಬಿಗೆ ಹೋದೆ. ಬೋರ್ಡನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಥ್ಯಾಂಕ್ಸ್ ಎಂದೆ. ಒಳ್ಳೆಯ ಸಮಯಕ್ಕೆ ಹೇಳಿದಿರಿ ಎಂದೆ.

"ನಿಮಗೋಸ್ಕರ ಹೇಳಿಲ್ಲ ಸಾರ್. ನಿಮ್ಮಪ್ಪನೋರು ಮುಂದೆ ಕೂತಿದ್ರು."

ಅಷ್ಟು ಹೇಳಿ ಪೆಟ್ಟಿಗೆಯ ಮುಚ್ಚಳ ಹಾಕಿದ.

೧೦ ಅಕ್ಟೋಬರ್, ಶುಕ್ರವಾರ

ನಿದ್ದೆ ಸರಿಯಾಗಿ ಆಗಲಿಲ್ಲ. ಹೇಳುವುದಿದ್ದರೆ ಪರೀಕ್ಷಕರ ಮುಂದೆಯೇ ಹೇಳಬಹುದಿತ್ತು. ಅಲ್ಲಿ ದೊಡ್ಡಮನಸ್ಸು ತೋರಿಸಿ ಇಲ್ಲಿ ಬಂದು ಚುಚ್ಚುವುದು ಯಾವ ನ್ಯಾಯ? ಅವನ ಉಪಕಾರವನ್ನು ನಾನು ಕೇಳಿರಲಿಲ್ಲ.

ಅಪ್ಪನನ್ನು ನಿನ್ನೆ ಸಂಜೆ ಬಸ್ಸು ಹತ್ತಿಸುವಾಗ ಅವರೂ ಅದೇ ಮಾತು ತೆಗೆದರು. "ಆ ಬೋರ್ಡ್ ಹಿಡ್ಕೊಂಡಿದ್ದೋರು ಯಾರಪ್ಪ?" ಲ್ಯಾಬಿನವನು ಎಂದೆ. "ನಿನ್ನ ಮುಖ ನೋಡ್ದೇನೇ ಹೇಳಿದ್ರಲ್ಲ ಎಲ್ಲಾನೂ. ಊಟಕ್ಕೆ ಕರ್ದಿದ್ಯಾ ಅವರನ್ನ?" ಎಂದರು. ಅಷ್ಟು ಜನರ ನಡುವೆ ಒಬ್ಬೊಬ್ಬರನ್ನೂ ನೆನಪಿಟ್ಟುಕೊಂಡು ಕರೆಯಲು ಆಗುತ್ತದೆಯೇ? ಸನ್ಮಾನವಾದ ಮೇಲೆ ನಾನು ಅವರ ಕೊರಳಿಗೆ ಹಾಕಿದ್ದ ಶಾಲನ್ನು ಅಪ್ಪ ಮಡಿಸಿ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದರು. ತೆಗೆದುಕೊಂಡು ಹೋಗಿ ಅಂದರೂ ಕೇಳಲಿಲ್ಲ.

೩೧ ಅಕ್ಟೋಬರ್, ಶುಕ್ರವಾರ

ನಾಳೆ ರಾಜ್ಯೋತ್ಸವದ ರಜೆ, ಮುನಿಯಲ್ಲಪ್ಪನ ಬೀಳ್ಕೊಡುಗೆಯನ್ನು ಇವತ್ತೇ ಮುಗಿಸಿದೆವು. ಅವನಿಗೆ ಅರವತ್ತಾಯಿತು. ಪಿಎಚ್‌.ಡಿ.ಯಿಂದ ಬಡ್ತಿ ಸಿಕ್ಕಿ ನಾನು ಅಸೋಸಿಯೇಟ್ ಪ್ರೊಫೆಸರ್ ಆದ ಮೇಲೆ ಲ್ಯಾಬುಗಳ ಉಸ್ತುವಾರಿಯನ್ನು ಚನ್ನರಾಯಪ್ಪ ಸರ್ ನನಗೇ ವಹಿಸಿದ್ದಾರೆ, ಹಾಗಾಗಿ ಏರ್ಪಾಡೆಲ್ಲ ನನ್ನದೇ. ಒಳ್ಳೆಯ ಗೋಡೆ ಗಡಿಯಾರ ತರಿಸಿದೆ. ಉಪ್ಪಿಟ್ಟು, ಕೇಸರಿಬಾತು.

ನಾನೂ ನಾಲ್ಕು ಮಾತಾಡಿದೆ. ಮುನಿಯಲ್ಲಪ್ಪನವರು ಸಮಯಕ್ಕೆ ಬರುತ್ತಿದ್ದರು, ಲ್ಯಾಬನ್ನು ಮನೆಯಂತೆ ಚೊಕ್ಕಟವಾಗಿ ಇಟ್ಟುಕೊಂಡಿದ್ದರು, ಅವರ ನಿಷ್ಠೆ ಇಂದಿನವರಿಗೆ ಮಾದರಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟುವಂಥ ಮಾತುಗಳೇ.

ಆಮೇಲೆ ಅವನ ಸರದಿ. ಕಿಸೆಯಿಂದ ಒಂದು ಚೀಟಿ ತೆಗೆದ. ಭಾಷಣ ಗೊತ್ತಿಲ್ಲ, ಉಪಕಾರ ಮಾಡಿದೋರ ಹೆಸರು ಹೇಳಿ ಕೂತ್ಕೊಂತೀನಿ ಎಂದು ಒಂದೊಂದಾಗಿ ಓದಿದ. ಕ್ಯಾಂಟೀನಿನ ಭಾರತಮ್ಮ, ದಿನಾ ಇವನಿಗಾಗಿ ಬಸ್ಸು ನಿಲ್ಲಿಸುತ್ತಿದ್ದ ಕಂಡಕ್ಟರ್ ನರಸಿಂಹಪ್ಪ, ಗೇಟಿನ ಕಾವಲುಗಾರ, ಕಸ ಗುಡಿಸುವವರು, ಗ್ರಂಥಾಲಯದವರು, ಯಾವುದೋ ಕಾಲದಲ್ಲಿ ಬಿಟ್ಟುಹೋದ ಮೇಷ್ಟರೊಬ್ಬರು. ಪ್ರತಿಯೊಬ್ಬರಿಗೂ ಇನಿಷಿಯಲ್ ಸಮೇತ. ಚನ್ನರಾಯಪ್ಪ ಸರ್ ಹೆಸರೂ ಇತ್ತು. ಒಟ್ಟು ಹತ್ತೊಂಬತ್ತು, ನಾನು ಎಣಿಸಿದೆ. ಚೀಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡು, ಎಲ್ಲರಿಗೂ ಕೈಮುಗಿದು ಕೂತ.

ನನ್ನ ಹೆಸರಿರಲಿಲ್ಲ.

ಮರೆತಿರಬಹುದು ಎಂದುಕೊಂಡು ಕೊನೆಯವರೆಗೂ ಅಲ್ಲೇ ಸುಳಿದಾಡಿದೆ. ಗಡಿಯಾರದ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇ ಹೋದ. ಎಂಟು ವರ್ಷ ಒಂದೇ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡಿದವರು ನಾವು. ಇಷ್ಟು ಸಣ್ಣ ಮನಸ್ಸಿನವನೆಂದು ನನಗೆ ಗೊತ್ತಿರಲಿಲ್ಲ. ಒಂದು ಹೆಸರು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?